ಮೇಲಿನ ಬೀದಿಯ ನೆರಳು ಸಂರಕ್ಷಣೆ

ಸೌರ ಫಲಕಕ್ಕೆ ಬಿಸಿಲು ಬೇಕು ಎಂಬ ವಿಷಯದಲ್ಲಿ ಸಮುದಾಯ ನೀರು ಸರಬರಾಜು ಪುನಶ್ಚೇತನ ಕಚೇರಿಗೆ ತಾತ್ವಿಕವಾಗಿ ಯಾವ ಆಕ್ಷೇಪಣೆಯೂ ಇರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಕೇಳಿದ ಕೆಲವರು, ಅಷ್ಟು ದೊಡ್ಡ ಕಚೇರಿಯವರಿಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು ಆಡಿಕೊಂಡದ್ದುಂಟು. ಗೊತ್ತಿತ್ತು. ಕಚೇರಿಯ ಗೋಡೆಯ ಮೇಲೆ ಸೂರ್ಯನ ಚಿತ್ರವೇ ಇತ್ತು. ಅದರ ಕೆಳಗೆ ಒಂದು ಕುಟುಂಬ ತುಂಬಿದ ಬಕೆಟ್ ಹಿಡಿದು ನಗುತ್ತಿತ್ತು.

ಆ ಚಿತ್ರದ ಎದುರಿನ ಮೇಜಿನಲ್ಲಿ ಪರಿಸರ ಸುರಕ್ಷತಾ ಸಹಾಯಕಿ ಕೂರುತ್ತಿದ್ದಳು. ಹುದ್ದೆಯ ಹೆಸರು ಕರೆಯಲು ಬಲು ಉದ್ದವಾಗಿದ್ದುದರಿಂದ ಎಲ್ಲರೂ ಅವಳನ್ನು ಪರಿಸರಮ್ಮ ಎನ್ನುತ್ತಿದ್ದರು. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆಗಬೇಕಿತ್ತು. ಕೆಟ್ಟು ನಿಂತ ಸೌರ ಪಂಪುಗಳನ್ನು ಕಚೇರಿ ದುರಸ್ತಿ ಮಾಡುವಾಗ ಪರಿಸರಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು ಅವಳ ಹೊಣೆ. ಹಳೆಯ ಬ್ಯಾಟರಿಯ ಆಮ್ಲ ಚರಂಡಿಗೆ ಹೋಗಬಾರದು, ಅಗೆದ ಮಣ್ಣು ದಾರಿಯ ಮೇಲೆ ಬೀಳಬಾರದು, ಕಡಿದ ಮರಕ್ಕೆ ಬದಲು ಮರ ನೆಡಬೇಕು. ಇವೆಲ್ಲ ಒಳ್ಳೆಯ ನಿಯಮಗಳೇ. ಪರಿಸರಮ್ಮನಿಗೆ ಅವುಗಳ ಮೇಲೆ ನಿಜವಾದ ಗೌರವವಿತ್ತು.

ತೊಂದರೆ ಏನೆಂದರೆ, ದುರಸ್ತಿಯಾಗಬೇಕಾದ ಪಂಪುಗಳಲ್ಲಿ ಅವಳ ಸ್ವಂತ ಬೀದಿಯದೂ ಒಂದು.

ಮೇಲಿನ ಬೀದಿ ಗುಡ್ಡದ ನೆತ್ತಿಯ ಮೇಲಿದೆ. ವಾಹನಗಳಿಗೆ ಹಿಂದಿನಿಂದ ಸುತ್ತುದಾರಿ, ಕಾಲುಳ್ಳವರಿಗೆ ಮುಂದಿನಿಂದ ಮೆಟ್ಟಿಲು. ಪಂಪು ಸುಸ್ತಾದ ಮೇಲೆ ಇಡೀ ಬೀದಿ ಮೆಟ್ಟಿಲಿಳಿದು ಕೆಳಗಿನ ಬೀದಿಯ ನಲ್ಲಿಗೆ ಬರುತ್ತಿತ್ತು. ಪರಿಸರಮ್ಮನೂ ಆಫೀಸಿಗೆ ಹೊರಡುವ ಮುಂಚೆ ಕೊಡ ಹೊತ್ತು ಹತ್ತಿಳಿಯುತ್ತಿದ್ದಳು. ಗಂಡ ಬಸ್ ಡ್ರೈವರ್. ನೀರಿನ ಮಾತು ಬಂದಾಗಲೆಲ್ಲ ಡ್ಯೂಟಿಯ ಮೇಲಿರುತ್ತಿದ್ದ. ಅತ್ತೆಯ ಮಂಡಿ ಸವೆದಿತ್ತು. ನಾಲಿಗೆ ಸವೆದಿರಲಿಲ್ಲ.

"ಏನೇ, ನಿಮ್ಮ ಆಫೀಸಲ್ಲಿ ನೀರು ಬರುತ್ತಾ?"

"ಬರುತ್ತೆ ಅತ್ತೆ."

"ಕುಡಿಯೋಕೋ, ಕೈ ತೊಳಿಯೋಕೋ?"

"ಎರಡಕ್ಕೂ."

"ಅದೇ ಅಂದ್ಕೊಂಡೆ. ನಮ್ಮ ವಿಷಯದಲ್ಲಿ ಎಲ್ಲರೂ ಚೆನ್ನಾಗಿ ಕೈ ತೊಳ್ಕೊಂಡು ಕೂತಿದ್ದೀರಲ್ಲ, ನೀರಿಲ್ಲದೆ ಹೇಗೆ ಸಾಧ್ಯ ಅಂತ ಯೋಚ್ನೆ ಆಗಿತ್ತು."

ಅತ್ತೆ ಸುಮ್ಮನೆ ಕೊಂಕಾಡುತ್ತಿರಲಿಲ್ಲ. ಸೊಸೆಗೆ ಕೆಲಸ ಸಿಕ್ಕ ದಿನ ಅವರು ಬೀದಿಯ ನಡುವೆ ನಿಂತು, "ನನ್ನ ಸೊಸೆ ಅದೇ ಆಫೀಸಿಗೆ ಹೋಗ್ತಾಳೆ. ಈ ಬೇಸಿಗೆ ಮುಗಿಯೋದ್ರೊಳಗೆ ನಿಮ್ಮನೆ ಅಡುಗೆಮನೇಲಿ ನೀರಿರದಿದ್ರೆ ಈ ಬೀದೀಲಿ ನಾನು ಬಾಯಿ ತೆಗೆಯಲ್ಲ" ಎಂದುಬಿಟ್ಟಿದ್ದರು. ಬೀದಿಯವರು ಆ ದಿನದಿಂದ ಬೇಸಿಗೆ ಮುಗಿಯುವುದನ್ನೇ ಕಾಯುತ್ತಿದ್ದರು. ನೀರು ಬಂದರೆ ಒಂದು ಲಾಭ, ಬರದಿದ್ದರೆ ಇನ್ನೊಂದು.

ಪರಿಸರಮ್ಮ ಫೋಟೋ ಗುಮಾಸ್ತರನ್ನು ಕರೆದುಕೊಂಡು ಪಂಪಿನ ಅಂಗಳದ ತಪಾಸಣೆಗೆ ಹೋದಳು. ಈ ಗುಮಾಸ್ತರು ಕಚೇರಿಯ ಕ್ಯಾಮೆರಾವನ್ನು ಸೊಂಟಕ್ಕೆ ಕಟ್ಟಿಕೊಂಡೇ ಕೂದಲು ನರೆಸಿಕೊಂಡವರು. ಬೇಲಿಯ ಬಾಗಿಲು ತೆರೆಯುತ್ತಲೇ ಕಾಯಿಲೆ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಫಲಕಗಳ ಮುಂದೆ ಗೋಡೆ ಕಟ್ಟಿದಂತೆ ಒಂದು ಸಾಲು ಮರ. ಬೆಳಗಿನಿಂದ ಸಂಜೆಯವರೆಗೆ ನೆರಳು. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಇಲ್ಲಿ ಬಿಸಿಲು ಬೀಳಲು ಒಂದು ಮೂಲೆಯೂ ಉಳಿದಿರಲಿಲ್ಲ.

"ಸರ್, ನೆರಳು," ಎಂದಳು ಪರಿಸರಮ್ಮ.

"ಹೌದಮ್ಮ. ಎಷ್ಟು ತಂಪಾಗಿದೆ ನೋಡಿ," ಎಂದು ಗುಮಾಸ್ತರು ಕರವಸ್ತ್ರ ಹಾಸಿ ಕೂತರು.

"ಫಲಕದ ಮೇಲೆ ಬಿದ್ದಿದೆ ಸರ್."

"ಎಲ್ಲರ ಮೇಲೂ ಬಿದ್ದಿದೆ. ಮರ ಯಾರಿಗೂ ಭೇದ ಮಾಡಲ್ಲ."

"ಇಲ್ಲೇ ಯಾಕೆ ನೆಟ್ಟರು ಸರ್?"

ಗುಮಾಸ್ತರಿಗೆ ಹಳೆಯದು ನೆನಪಾಗಿ ಮುಖ ಅರಳಿತು. ಪಂಪು ಹಾಕಿದ ವರ್ಷದ ಸುರಕ್ಷತಾ ನಿಯಮವೆಂದರೆ, ಒಂದು ಫಲಕಕ್ಕೆ ಒಂದು ಸಸಿ. ಪುರಾವೆಗೆ ಫಲಕವೂ ಸಸಿಯೂ ಒಂದೇ ಫೋಟೋದಲ್ಲಿ ಕಾಣಬೇಕು. ಫಲಕ ಆಳೆತ್ತರ, ಸಸಿ ಗೇಣುದ್ದ. ದೂರ ನೆಟ್ಟರೆ ಸಸಿ ಹುಲ್ಲುಕಡ್ಡಿಯಂತೆ ಕಾಣುತ್ತಿತ್ತು. ಹಿಂದೆ ನೆಟ್ಟರೆ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಮದುವೆ ಮನೆಯ ಫೋಟೋದಲ್ಲಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವಂತೆ ಎಲ್ಲ ಸಸಿಗಳನ್ನೂ ಫಲಕದ ಮುಂದೆಯೇ ನೆಡಲಾಯಿತು. ಮಕ್ಕಳು ದೊಡ್ಡವರಾಗುತ್ತಾರೆ ಎಂಬುದು ನಿಯಮದ ವ್ಯಾಪ್ತಿಗೆ ಬಂದಿರಲಿಲ್ಲ.

"ಬೇರೆ ಕಡೆನೂ ಹೀಗೇ ನೆಟ್ಟಿದ್ವಿ," ಎಂದರು ಗುಮಾಸ್ತರು. "ಅಲ್ಲೆಲ್ಲ ಪದ್ಧತಿ ಪ್ರಕಾರ ಒಣಗಿಹೋದ್ವು. ಇಲ್ಲಿ ಮಾತ್ರ ತೊಟ್ಟಿ ತುಂಬಿ ಹೊರಗೆ ಚೆಲ್ಲೋ ನೀರು ನೇರ ಬುಡಕ್ಕೇ ಹೋಗ್ತಿತ್ತು. ಒಂದೂ ಸಾಯಲಿಲ್ಲ. ಸಾಹೇಬರಿಗೆ ಫಲಕ ಸಿಕ್ಕಿದ್ದು ಇದೇ ಮರಗಳಿಗೆ."

ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಸಿಕ್ಕ ಫಲಕ ಸೌರ ಫಲಕವಲ್ಲ, ಬೆಳ್ಳಿಬಣ್ಣದ ಗೌರವ ಫಲಕ. ಅದು ಅವರ ಕುರ್ಚಿಯ ಹಿಂದೆ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿತ್ತು.

*

ಸಾಹೇಬರು ಪರಿಸರಮ್ಮನ ವರದಿಯನ್ನು ಪ್ರೀತಿಯಿಂದಲೇ ಓದಿದರು. ಅವರು ಗದರುವ ಮನುಷ್ಯರಲ್ಲ. ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿ, ಆಮೇಲೆ ಬೇಡವೆನ್ನುತ್ತಿದ್ದರು.

"ನೋಡಮ್ಮ, ದೋಷಗಳ ಪಟ್ಟೀಲಿ ಫಲಕ ಒಡೆದಿರೋದು ಇದೆ, ತಂತಿ ಹರಿದಿರೋದು ಇದೆ, ಮೋಟಾರ್ ಸುಟ್ಟಿರೋದು ಇದೆ, ಕಳುವಾಗಿರೋದು ಇದೆ. ನೆರಳು ಎಲ್ಲಿದೆ?"

"ಪಟ್ಟೀಲಿ ಇಲ್ಲ ಸರ್. ಸ್ಥಳದಲ್ಲಿದೆ."

"ಪಟ್ಟೀಲಿ ಇಲ್ಲ ಅಂತ ಯಾಕೆ ಹೇಳ್ತೀರಿ? ಇದೆ. ಈ ಕಡೆ ಪುಟದಲ್ಲಿ." ಸಾಹೇಬರು ಪುಟ ತಿರುಗಿಸಿದರು. "'ಯೋಜನೆಯ ಪರಿಸರ ಪ್ರಯೋಜನಗಳು: ನೆರಳು.' ಮೊದಲನೇದೇ ಅದು. ಒಂದೇ ವಸ್ತು ಒಂದೇ ಕಚೇರೀಲಿ ಪ್ರಯೋಜನಾನೂ ಆಗಿ ದೋಷಾನೂ ಆಗೋಕೆ ಆಗಲ್ಲ."

"ಕೊಂಬೆ ಸ್ವಲ್ಪ ಸವರಿದ್ರೆ ಸಾಕು ಸರ್."

"ಸವರೋದು ಅಂದ್ರೆ ಭಾಗಶಃ ಕಡಿಯೋದು. ಸುರಕ್ಷತೆಗೆ ನೆಟ್ಟ ಮರ ಒಂದನ್ನ ಕಡಿದ್ರೆ ಹತ್ತು ನೆಡಬೇಕು. ಅದೇ ಅಂಗಳದಲ್ಲಿ. ಅದೇ ಫೋಟೋದಲ್ಲಿ ಕಾಣೋ ಹಾಗೆ."

ಪರಿಸರಮ್ಮ ಹತ್ತು ಪಟ್ಟು ಮರಗಳ ಹಿಂದೆ ನಿಂತ ಫಲಕಗಳನ್ನು ಮನಸ್ಸಿನಲ್ಲಿ ನೋಡಿದಳು. ಫಲಕಗಳನ್ನೇ ಅಂಗಳದ ಇನ್ನೊಂದು ಬದಿಗೆ ಸರಿಸಬಹುದಲ್ಲ ಎಂದಳು. ಸರಿಸಿದರೆ ಅದು ಹೊಸ ಯೋಜನೆ. ಹೊಸ ಯೋಜನೆಗೆ ಹೊಸ ಸಸಿಗಳು. ಅವನ್ನು ಎಲ್ಲಿ ನೆಡಬೇಕೆಂದು ಫೋಟೋ ಗುಮಾಸ್ತರನ್ನು ಕೇಳಬೇಕು ಎಂದರು ಸಾಹೇಬರು.

ಪಂಪು ನಿಂತಿರುವುದು ಸತ್ಯ, ನೆರಳು ದೋಷವಲ್ಲ. ಹೀಗಾಗಿ ಫಲಕಗಳೇ ಕೆಟ್ಟಿರಬೇಕೆಂದು ತೀರ್ಮಾನಿಸಿ ಹೊಸ ಫಲಕಗಳನ್ನು ತರಿಸಲಾಯಿತು. ಹಳೆಯವು ಈಗ ಅಪಾಯಕಾರಿ ತ್ಯಾಜ್ಯ. ಅವನ್ನು ತಂಪಾದ, ಬಿಸಿಲು ತಾಗದ ಜಾಗದಲ್ಲಿ ಇಡಬೇಕೆಂದು ನಿಯಮವಿತ್ತು. ಊರಿನಲ್ಲೆಲ್ಲ ಹುಡುಕಿ, ಅಂಥ ಜಾಗ ಹೊಸ ಫಲಕಗಳ ಪಕ್ಕದಲ್ಲೇ ಇರುವುದು ಕಂಡುಬಂತು. ಅಲ್ಲಿಯೇ ಇಡಲಾಯಿತು. ಹೊಸವು ಹಳೆಯವುಗಳಿಗಿಂತ ಒಂದಿಷ್ಟೂ ಹೆಚ್ಚು ಕೆಲಸ ಮಾಡಲಿಲ್ಲ. ಎರಡೂ ಒಂದೇ ಕಡೆ ಇದ್ದದ್ದರಿಂದ ಹೋಲಿಸಿ ನೋಡಲು ಅನುಕೂಲವಾಯಿತು.

ಆ ಸಂಜೆ ಅತ್ತೆ ನಲ್ಲಿ ತಿರುಗಿಸಿದರು. ನಲ್ಲಿ ಉಸ್ಸೆಂದಿತು.

"ಏನಂತೆ?" ಎಂದರು ಸೊಸೆಯನ್ನು ನೋಡಿ. "ಹೊಸದು ಅಂದ್ಯಲ್ಲ?"

"ಫಲಕ ಹೊಸದು ಅತ್ತೆ. ನೆರಳು ಹಳೇದು."

"ಮೂಗಿಗಿಂತ ಮೂಗುತಿ ಭಾರ ಅಂತ ಕೇಳಿದ್ದೆ. ನೀರಿಗಿಂತ ನೆರಳು ಭಾರ ಅಂತ ಈಗ ಕೇಳ್ತಿದೀನಿ."

*

ನಿಯಮದಂತೆ ಸಾರ್ವಜನಿಕ ಸಮಾಲೋಚನಾ ಸಭೆ ನಡೆಯಿತು. ಜಾಗ ಮರಗಳ ಕೆಳಗೇ, ಏಕೆಂದರೆ ಬೇಸಿಗೆಯಲ್ಲಿ ಬೀದಿಯವರೆಲ್ಲ ಕೂರಬಹುದಾದ ತಾವು ಇನ್ನೊಂದಿರಲಿಲ್ಲ. ಬೀದಿಯ ಕ್ಷೌರಿಕ ತನ್ನ ಕುರ್ಚಿ ಕನ್ನಡಿಗಳನ್ನು ಬೇಲಿಯ ಪಕ್ಕಕ್ಕೆ, ಆ ನೆರಳಿಗೇ ಸಾಗಿಸಿ ಆಗಲೇ ಬಹಳ ದಿನವಾಗಿತ್ತು. ಎಲ್ಲರೂ ಅವನನ್ನು ಕತ್ತರಿ ಮಾವ ಎನ್ನುತ್ತಿದ್ದರು. ಅವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಸಭೆಗೆ ಬಂದು ಕೂತ.

"ಈ ನೆರಳು ಹಿತವಾಗಿದೆಯೇ?" ಎಂದು ಸಾಹೇಬರು ಕೇಳಿದರು.

"ನೀರು ಬೇಕು," ಎಂದರು ಅತ್ತೆ.

"ಅದಕ್ಕೆ ಬರ್ತೀನಿ ಅಮ್ಮ. ನೆರಳು ಹಿತವಾಗಿದೆಯೇ?"

"ಸುಡೋ ಬಿಸಿಲಲ್ಲಿ ಯಾವ ನೆರಳೂ ಹಿತಾನೇ. ಆದ್ರೆ ನೆರಳನ್ನ ಕೊಡದಲ್ಲಿ ತುಂಬ್ಕೊಂಡು ಹೋಗೋಕಾಗುತ್ತಾ ಸ್ವಾಮಿ?"

"ಹಿತವಾಗಿದೆ, ಬರ್ಕೊಳ್ಳಿ," ಎಂದರು ಸಾಹೇಬರು ಗುಮಾಸ್ತರ ಕಡೆ ತಿರುಗಿ. "ಮಹಿಳೆಯರು ನೆರಳನ್ನು ಮೆಚ್ಚಿ, ಅದನ್ನು ಮನೆಗೂ ವಿಸ್ತರಿಸುವಂತೆ ಕೋರಿದರು."

ಪರಿಸರಮ್ಮ ಎದ್ದು ಏನೋ ಹೇಳಹೊರಟಳು. ಸಾಹೇಬರು ಅವಳನ್ನು ಕಣ್ಣಿನಲ್ಲೇ ಕೂರಿಸಿದರು. ಕಾಯಂ ಆಗಬೇಕಾದವರು ಸಭೆಯಲ್ಲಿ ಹೇಗೆ ಕೂರುತ್ತಾರೋ ಹಾಗೆ ಅವಳು ಕೂತಳು. ಅತ್ತೆ ಅದನ್ನು ನೋಡಿದರು.

ಸಭೆ ಮುಗಿದ ಮೇಲೆ ಕತ್ತರಿ ಮಾವ ಅತ್ತೆಯ ಹತ್ತಿರ ಬಂದ. "ಅಕ್ಕಾ, ಅವರು ಮರ ಕಡಿಯೋಕೆ ಆಗಲ್ಲ ಅಂದ್ರು. ಕ್ಷೌರ ಮಾಡೋಕೆ ಆಗಲ್ಲ ಅಂತ ಹೇಳಲಿಲ್ಲ ಅಲ್ವಾ?"

"ನೀನು ತಲೆ ಮಾಡೋದೇ ಅಷ್ಟಕ್ಕಷ್ಟೆ. ಮರ ಮಾಡ್ತೀಯಾ?"

"ಮರ ಅಲ್ಲಾಡಲ್ಲ ಅಕ್ಕಾ. ಸುಲಭ."

ಮರುದಿನ ಪರಿಸರಮ್ಮ ಆಫೀಸಿನಲ್ಲಿದ್ದಾಗ ಕತ್ತರಿ ಮಾವ ಏಣಿ ಹಾಕಿ, ನಡುಹಗಲ ಬಿಸಿಲನ್ನೆಲ್ಲ ತಡೆದು ಫಲಕಗಳ ಉದ್ದಕ್ಕೂ ಚಾಚಿಕೊಂಡಿದ್ದ ಒಂದು ದಪ್ಪ ಕೊಂಬೆಯನ್ನು ಇಳಿಸಿದ. ಬಿಸಿಲು ಒಳಗೆ ಬಂತು. ಪಂಪು ಮೊದಲು ಗೊರಗೊರ ಎಂದಿತು, ಆಮೇಲೆ ಸಲೀಸಾಗಿ ಓಡಿತು. ಮೇಲಿನ ಬೀದಿಯ ನಲ್ಲಿಗಳು ಕೆಮ್ಮಿ, ತುಕ್ಕು ಉಗಿದು, ನೀರು ಬಿಟ್ಟವು. ಸಂಜೆ ಪರಿಸರಮ್ಮ ಮೆಟ್ಟಿಲು ಹತ್ತಿ ಬಂದಾಗ ಅತ್ತೆ ಬಾಗಿಲಿಗೆ ನೀರು ಚಿಮುಕಿಸುತ್ತ ನಿಂತಿದ್ದರು. ಬೇಕೆಂದೇ ಬಹಳ ಚಿಮುಕಿಸುತ್ತಿದ್ದರು.

"ಕಾಲು ತೊಳ್ಕೊಂಡು ಒಳಗೆ ಬಾರೇ," ಎಂದರು. "ನಮ್ಮನೇಲಿ ನೀರಿದೆ."

ಪರಿಸರಮ್ಮ ಚಪ್ಪಲಿ ಬಿಟ್ಟಳು. ಕಾಲು ತೊಳೆದುಕೊಂಡಳು. ಮತ್ತೊಮ್ಮೆ ತೊಳೆದುಕೊಂಡಳು.

*

ಸಂತೋಷಕ್ಕೆ ಅಡ್ಡ ಬಂದದ್ದು ಫೋಟೋ. ಸುರಕ್ಷತಾ ಮರಗಳ ಮಾಮೂಲು ಚಿತ್ರ ತೆಗೆಯಲು ಬಂದ ಗುಮಾಸ್ತರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಹೊಸದರಲ್ಲಿ ಆಕಾಶ ಜಾಸ್ತಿ ಇತ್ತು.

ಕಚೇರಿ ಪಂಪು ಓಡುತ್ತಿರುವುದನ್ನು ಗಮನಿಸಲಿಲ್ಲವೆಂದಲ್ಲ. ಗಮನಿಸಿ, ಅದನ್ನು 'ಅನಧಿಕೃತ ನೀರು' ಎಂದು ದಾಖಲಿಸಿತು. ಮೊದಲಿದ್ದ ಪರಿಸರವನ್ನು ಮೊದಲಿನಂತೆಯೇ ಮಾಡಿಕೊಡುವುದು ಯೋಜನೆಯ ಕರ್ತವ್ಯವಾಗಿತ್ತು.

"ಯಾರು ಕಡಿದರು ಅಂತ ನಾನು ಕೇಳಲ್ಲ," ಎಂದರು ಸಾಹೇಬರು ಪರಿಸರಮ್ಮನಿಗೆ. "ನಿಮ್ಮ ಬೀದಿ. ಕೇಳಿದ್ರೆ ನೀವು ಹೇಳಬೇಕಾಗುತ್ತೆ, ಹೇಳಿದ್ರೆ ನಾನು ಬರೀಬೇಕಾಗುತ್ತೆ. ಕೊಂಬೆ ಎಲ್ಲಿದೆ?"

"ಅಂಗಳದಲ್ಲೇ ಬಿದ್ದಿದೆ ಸರ್."

"ಒಳ್ಳೇದಾಯ್ತು. ಕಟ್ಟಿಸಿ."

"ಕೊಂಬೆನಾ ಸರ್? ಕಡಿದ ಕೊಂಬೆ ಮತ್ತೆ ಕೂಡಲ್ಲ."

"ಕೂಡಬೇಕು ಅಂತ ಎಲ್ಲಿ ಹೇಳಿದೆ? ಫೋಟೋದಲ್ಲಿ ಮೊದಲಿನ ಹಾಗೆ ಕಾಣಬೇಕು, ಅಷ್ಟೆ."

ಹೀಗೆ ಕೊಂಬೆಯನ್ನು ಹಗ್ಗ ಹಾಕಿ ಮೇಲೆತ್ತಿ, ತಂತಿ ಸುತ್ತಿ, ಮೊದಲಿದ್ದ ಜಾಗಕ್ಕೇ ಬಿಗಿಯಲಾಯಿತು. ಕೆಳಗೆ ಗುಮಾಸ್ತರು ಹಳೆಯ ಫೋಟೋ ಹಿಡಿದು ನಿಂತು, "ಸ್ವಲ್ಪ ಎಡಕ್ಕೆ... ಎಲೆ ಈ ಕಡೆ ತಿರುಗ್ಲಿ... ಹಾಂ, ಹಾಗೇ ಇರಿ" ಎನ್ನುತ್ತಿದ್ದರು. ಮೇಲುಸ್ತುವಾರಿ ಪರಿಸರಮ್ಮನದು. ಏಣಿ ಒದಗಿಸಿದವನು ಕತ್ತರಿ ಮಾವ. ಬೀದಿಯಲ್ಲಿ ಏಣಿ ಇದ್ದದ್ದು ಅವನೊಬ್ಬನ ಹತ್ತಿರವೇ. ಕೊನೆಯ ಗಂಟು ಬಿಗಿಯುತ್ತಿದ್ದಂತೆ ಪಂಪಿನ ಸದ್ದು ಇಳಿದಿಳಿದು ನಿಂತಿತು. ಸಾಹೇಬರು ಸಮಾಧಾನದಿಂದ ತಲೆಯಾಡಿಸಿದರು. ಮೊದಲಿನಂತೆಯೇ ಆಗಿದೆ ಎನ್ನಲು ಅದಕ್ಕಿಂತ ಪುರಾವೆ ಬೇಕಿರಲಿಲ್ಲ.

ಬೇಲಿಯಾಚೆ ಬೀದಿಯ ಹೆಂಗಸರು ನಿಂತಿದ್ದರು. ಒಬ್ಬಳು ಅತ್ತೆಗೆ ಕೇಳಿಸುವಂತೆ, "ದೊಡ್ಡಮ್ಮನ ಸೊಸೆ ಕೈಗುಣ ಒಳ್ಳೇದು. ಮುರಿದದ್ದನ್ನ ಕೂಡಿಸ್ತಾಳೆ" ಎಂದಳು.

"ಹೌದು," ಎಂದರು ಅತ್ತೆ. "ಮರಕ್ಕೆ ಪಟ್ಟಿ ಕಟ್ಟಿದ್ಲು. ನನ್ನ ಮಂಡಿ ಸರದಿ ಯಾವಾಗ ಬರುತ್ತೋ."

ಆಮೇಲೆ ಅವರು ಏನೂ ಮಾತಾಡಲಿಲ್ಲ. ಅದೇ ಪರಿಸರಮ್ಮನಿಗೆ ಕಷ್ಟವಾದದ್ದು. ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅತ್ತೆ ಕೊಡ ಹಿಡಿದು ಮೆಟ್ಟಿಲಿನ ಅರ್ಧದಲ್ಲಿದ್ದರು, ಒಂದು ಕೈ ಗೋಡೆಯ ಮೇಲೆ, ಒಂದು ಕೈ ಮಂಡಿಯ ಮೇಲೆ. ಸೊಸೆ ಓಡಿ ಹೋಗಿ ಕೊಡ ಕಿತ್ತುಕೊಂಡಳು. ಅತ್ತೆ ಬೈಯಲಿಲ್ಲ. ಅವರು ಬೈಯದೆ ಇದ್ದದ್ದು ಅದೇ ಮೊದಲು.

*

ಬಿಸಿಲು ಏರಿತು. ತೊಟ್ಟಿಯ ಹೆಚ್ಚುವರಿ ನೀರು ಕುಡಿದೇ ಬೆಳೆದ ಮರಗಳು ಅವು. ಬೇರನ್ನು ಆಳಕ್ಕಿಳಿಸುವ ಶ್ರಮ ತೆಗೆದುಕೊಂಡಿರಲಿಲ್ಲ. ಪಂಪು ನಿಂತಿದ್ದರಿಂದ ತೊಟ್ಟಿ ತುಂಬಲಿಲ್ಲ, ತೊಟ್ಟಿ ತುಂಬದ್ದರಿಂದ ಚೆಲ್ಲಲಿಲ್ಲ. ಮರಗಳು ಬಾಡತೊಡಗಿದವು. ಎಲೆ ಒಂದೊಂದೇ ಉದುರಿತು.

ಪರಿಸರಮ್ಮ ದಿನವೂ ಅಂಗಳಕ್ಕೆ ಹೋಗಿ ನೋಡಿದಳು. ಅವಳ ಲೆಕ್ಕ ಸರಳವಾಗಿತ್ತು. ಎಲೆ ಉದುರಿದರೆ ಬಿಸಿಲು ಬೀಳುತ್ತದೆ. ಬಿಸಿಲು ಬಿದ್ದರೆ ಪಂಪು ಓಡುತ್ತದೆ. ಪಂಪು ಓಡಿದರೆ ಬೀದಿಗೂ ನೀರು, ಮರಕ್ಕೂ ನೀರು. ಯಾರೂ ಯಾವ ನಿಯಮವನ್ನೂ ಮುರಿಯಬೇಕಿಲ್ಲ. ಒಂದು ಮಧ್ಯಾಹ್ನ ಮೋಟಾರು ತಾನಾಗಿ ಗುರ್ ಎಂದಾಗ ಅವಳು ಸುತ್ತ ನೋಡಿ, ಬೇಲಿಯ ಬಾಗಿಲು ಮುಚ್ಚಿಕೊಂಡು ಹೊರಬಂದಳು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಹೇಳಿದವರು ಫೋಟೋ ಗುಮಾಸ್ತರು. ಫೋಟೋದಲ್ಲಿ ಮತ್ತೆ ಆಕಾಶ ಹೆಚ್ಚಾಗಿತ್ತು.

ಸಾಹೇಬರು ಮೊಟ್ಟಮೊದಲ ಬಾರಿಗೆ ಕುರ್ಚಿಯಿಂದ ಎದ್ದು ನಿಂತು ಫೋಟೋ ನೋಡಿದರು. ಹಿಂದಿದ್ದ ಗೌರವ ಫಲಕವನ್ನು ಒಮ್ಮೆ ಮುಟ್ಟಿದರು. "ಮರ ಒಣಗ್ತಿದೆ! ಯಾರೂ ನೀರು ಹಾಕ್ತಿಲ್ವಾ?"

"ಪಂಪು ನಿಂತಿದೆ ಸರ್," ಎಂದಳು ಪರಿಸರಮ್ಮ. "ಬೀದಿಯವರಿಗೂ ನೀರಿಲ್ಲ."

"ಬೀದಿಯವರು ನಡ್ಕೊಂಡು ಹೋಗಿ ತರಬಹುದು. ಮರ ನಡೆಯುತ್ತಾ?"

ನೀರಿಗಾಗಿ ಬೀದಿಯವರು ಕೊಟ್ಟಿದ್ದ ಮನವಿ ಮಳೆ ಬಿಸಿಲು ಎರಡನ್ನೂ ಕಂಡು ಇನ್ನೂ ಕಪಾಟಿನಲ್ಲಿತ್ತು. ಮರಗಳ ಮನವಿಗೆ ಮರುದಿನವೇ ಟ್ಯಾಂಕರು ಬಂತು. ಡೀಸೆಲ್ ಟ್ಯಾಂಕರು. ಆದರೆ ಯೋಜನೆಯ ಹೆಸರಿನಲ್ಲಿ ಸೌರಶಕ್ತಿ ಇದ್ದುದರಿಂದ ಅದರ ತಲೆಯ ಮೇಲೆ ತಟ್ಟೆಯಗಲದ ಒಂದು ಸೌರ ಫಲಕ ಕೂರಿಸಿ, ಹಾರನ್ನಿಗೆ ಜೋಡಿಸಲಾಗಿತ್ತು. ಮೇಲಿನ ಬೀದಿಯ ಅಂಗಳದಲ್ಲಿ ನಿಂತಾಗ ನೆರಳಿನಿಂದಾಗಿ ಹಾರನ್ ಹೊಡೆಯುತ್ತಿರಲಿಲ್ಲ. ಡ್ರೈವರು ಕೂಗುತ್ತಿದ್ದ.

ಕೂಗು ಕೇಳಿ ಬೀದಿಯೆಲ್ಲ ಕೊಡ ಹಿಡಿದು ಓಡಿ ಬಂತು.

"ಹಿಂದೆ ಸರೀರಿ," ಎಂದ ಡ್ರೈವರು. "ಇದು ಮರದ ನೀರು."

"ನಾವೇನು ಕಲ್ಲಾ?" ಎಂದ ಕತ್ತರಿ ಮಾವ.

"ನೀವು ಏನು ಅಂತ ನನಗೆ ಬರ್ಕೊಟ್ಟಿಲ್ಲ. ಮರ ಅಂತ ಬರ್ಕೊಟ್ಟಿದ್ದಾರೆ."

ಅಂದು ಸಂಜೆ ಅತ್ತೆ ಬಹಳ ದಿನಗಳ ಮೇಲೆ ಬಾಯಿ ತೆರೆದರು. ಜೋರಾಗಿ ಹೇಳಲಿಲ್ಲ. "ಮರಕ್ಕೆ ಬರೋ ನೀರು ನಮ್ಮ ಬಾಗಿಲ ಮುಂದೇ ಹೋಗುತ್ತಲ್ಲೇ. ನೀನು ಓದಿದ ಪುಸ್ತಕದಲ್ಲಿ ಇದಕ್ಕೆ ಏನೂ ಇಲ್ವಾ?"

"ನೋಡ್ತೀನಿ ಅತ್ತೆ," ಎಂದಳು ಪರಿಸರಮ್ಮ.

ನೋಡಿದಳು. ಸುರಕ್ಷತಾ ನಿಯಮಗಳನ್ನು ಅವಳಷ್ಟು ಪ್ರೀತಿಯಿಂದ ಓದಿದವರು ಆ ಕಚೇರಿಯಲ್ಲಿ ಬೇರೆ ಇರಲಿಲ್ಲ. ಅಂದಿನವರೆಗೆ ಅವಳು ಮಾಡಿದ ತಪ್ಪು ಅವುಗಳ ವಿರುದ್ಧ ವಾದಿಸಿದ್ದು.

ಮರುದಿನ ಸಾಹೇಬರ ಮುಂದೆ ನಿಂತು, "ಸರ್, ಟ್ಯಾಂಕರ್ ಪೈಪಿಂದ ನೇರ ಬುಡಕ್ಕೆ ನೀರು ಬಿಡ್ತಿದಾರೆ. ರಭಸಕ್ಕೆ ಮಣ್ಣು ಕೊಚ್ಚಿ ಹೋಗ್ತಿದೆ. ಮಣ್ಣಿನ ಸವಕಳಿ," ಎಂದಳು.

ಸಾಹೇಬರ ಮುಖ ಗಂಭೀರವಾಯಿತು. "ಅದು ತಪ್ಪಲ್ವಾ?"

"ದೊಡ್ಡ ತಪ್ಪು ಸರ್. ಕೊಡದಲ್ಲಿ ಹೊತ್ತು, ನಿಧಾನವಾಗಿ ಹಾಕಬೇಕು. ಸಮುದಾಯದ ಸಹಭಾಗಿತ್ವ ಇರಬೇಕು ಅಂತಾನೂ ಇದೆ. ಬೀದಿಯವರನ್ನೇ ವೃಕ್ಷಪಾಲಕರು ಅಂತ ಮಾಡಬಹುದು."

"ಒಳ್ಳೇ ವಿಚಾರ. ಮಾಡಿ."

"ಆದ್ರೆ ಎಲ್ಲರೂ ಒಟ್ಟಿಗೆ ಬುಡದ ಹತ್ತಿರ ನಿಂತ್ರೆ ಬೇರು ತುಳಿದ ಹಾಗಾಗುತ್ತೆ ಸರ್. ಬೇರಿನ ವಲಯದಲ್ಲಿ ಗುಂಪು ಸೇರಬಾರದು ಅಂತ ಇದೆ."

"ಹಾಗಾದ್ರೆ?"

"ಕೊಡ ತುಂಬಿಸಿಕೊಂಡು ಅವರವರ ಮನೇಲಿ ಕಾಯ್ಲಿ ಸರ್. ಸರದಿ ಬಂದಾಗ ಒಬ್ಬೊಬ್ಬರೇ ತಂದು ಹಾಕ್ಲಿ."

ಸಾಹೇಬರು ಯೋಚಿಸಿದರು. ಅವರು ದಡ್ಡರಲ್ಲ. "ಮನೇಲಿ ಕಾಯೋವಾಗ ಕೊಡದಲ್ಲಿ ನೀರು ಕಮ್ಮಿ ಆದ್ರೆ?"

"ಸಾಗಣೆ ನಷ್ಟ ಸರ್. ಬೇಸಿಗೆ, ಆವಿಯಾಗುತ್ತೆ. ದಾರಿ ಇಳಿಜಾರು, ತುಳುಕುತ್ತೆ. ನಷ್ಟಕ್ಕೆ ನಿಯಮದಲ್ಲಿ ಅವಕಾಶ ಇದೆ."

"ಎಷ್ಟರ ಮಟ್ಟಿಗೆ?"

"ಮಿತಿ ಬರೆದಿಲ್ಲ ಸರ್."

ಗುಮಾಸ್ತರು ಚಾವಣಿ ನೋಡಿದರು. ಸಾಹೇಬರು ಪರಿಸರಮ್ಮನನ್ನೂ, ಅವಳ ಅಂಗೈಯಲ್ಲಿ ಕೊಡದ ಕಂಠ ಒತ್ತಿ ಮೂಡಿದ್ದ ಗಟ್ಟಿ ಚರ್ಮವನ್ನೂ ನೋಡಿದರು.

"ಮರ ಮಾತ್ರ ಹಸಿರಾಗಿರಬೇಕು," ಎಂದರು.

"ಫೋಟೋದಲ್ಲಿ ಪೂರ್ತಿ ಹಸಿರಾಗಿರುತ್ತೆ ಸರ್."

ಹೀಗೆ ಟ್ಯಾಂಕರಿನಿಂದ ಮರಕ್ಕೆ ಹೋಗುವ ಅಧಿಕೃತ ದಾರಿ ಮೇಲಿನ ಬೀದಿಯ ಪ್ರತಿ ಮನೆಯ ಅಡುಗೆಮನೆಯ ಮೂಲಕ ಹಾದುಹೋಯಿತು. ಬೀದಿ ಬಹಳ ನಿಷ್ಠೆಯಿಂದ ನಡೆದುಕೊಂಡಿತು. ಡ್ರೈವರು ಕೂಗಿದರೆ ಎಲ್ಲರೂ ಕೊಡ, ಬಕೆಟ್ಟು, ಡ್ರಮ್ಮು ತುಂಬಿಸಿಕೊಂಡು ಮನೆಗೆ ಹೋಗಿ ಸರದಿ ಕಾಯುತ್ತಿದ್ದರು. ಕಾಯುವಾಗ ಅನ್ನಕ್ಕಿಟ್ಟುಕೊಳ್ಳುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಸ್ನಾನ ಮಾಡುತ್ತಿದ್ದರು. ಸರದಿ ಬಂದಾಗ ಒಬ್ಬೊಬ್ಬರೇ ಚೊಂಬು ಹಿಡಿದು ಬಂದು, ಬೇರು ತುಳಿಯದಂತೆ ತುದಿಗಾಲಲ್ಲಿ ನಿಂತು, ಮರಕ್ಕೆ ಹಾಕಿ ಹೋಗುತ್ತಿದ್ದರು. ಬೀದಿಯಲ್ಲಿ ಮನೆಗಳು ಬಹಳ. ಚೊಂಬು ಚೊಂಬು ಕೂಡಿ ಮರಗಳು ಚಿಗುರಿದವು. ಕಟ್ಟಿದ್ದ ಕೊಂಬೆ ಮಾತ್ರ ಚಿಗುರಲಿಲ್ಲ. ಅದಕ್ಕೆ ಕತ್ತರಿ ಮಾವ ಹಸಿರು ಬಣ್ಣ ಬಳಿದ. ತನ್ನ ಕೈಯಾರೆ ಆದ ಗಾಯ, ತಾನೇ ಮುಚ್ಚಬೇಕು ಎಂದ.

ಅತ್ತೆ ಹಿರಿಯ ವೃಕ್ಷಪಾಲಕಿಯಾದರು. ಮಂಡಿ ನೋವಿನ ಕಾರಣ ಅವರು ಮೆಟ್ಟಿಲು ಇಳಿಯುವಂತಿಲ್ಲ, ಬಾಗಿಲಲ್ಲೇ ಕೂತು ಉಸ್ತುವಾರಿ ಮಾಡಬೇಕು ಎಂದು ಕಚೇರಿಯಿಂದಲೇ ಪತ್ರ ಬಂತು. ಅವರ ಬಾಯಿ ಮೊದಲಿನ ಸ್ಥಿತಿಗೆ ಬಂತು.

"ಏಯ್, ನಿನ್ನ ಸಾಗಣೆ ನಷ್ಟ ಜಾಸ್ತಿ ಆಯ್ತು ಕಣೇ," ಎಂದು ಎದುರು ಮನೆಯವಳಿಗೆ ಕೂಗುತ್ತಿದ್ದರು. "ಎರಡೆರಡು ಸಲ ತಲೆ ಸ್ನಾನ ಮಾಡ್ತಿದೀಯ! ಮರಕ್ಕೂ ಸ್ವಲ್ಪ ಉಳಿಸೇ."

"ಬೇಸಿಗೆ ದೊಡ್ಡಮ್ಮ. ಆವಿಯಾಗ್ತಿದೆ."

ಬೇಸಿಗೆ ಮುಗಿಯಿತು. ಬೀದಿಯಲ್ಲಿ ನೀರಿಲ್ಲದ ಅಡುಗೆಮನೆ ಒಂದೂ ಇರಲಿಲ್ಲ. ಅತ್ತೆ ಹೇಳಿದ ಮಾತು ನಿಂತಿತು. ಪರಿಸರಮ್ಮನ ಕೆಲಸ ಕಾಯಂ ಆಯಿತು. ಮೇಲಿನ ಬೀದಿಯ ಪಂಪನ್ನು, ಒಂದು ಹನಿ ವಿದ್ಯುತ್ತನ್ನೂ ವ್ಯರ್ಥ ಮಾಡದೆ ಸಮುದಾಯದ ನೀರಿನ ಅಗತ್ಯ ಪೂರೈಸಿದ ವ್ಯವಸ್ಥೆಯೆಂದು ಮಾದರಿಯಾಗಿ ಘೋಷಿಸಲಾಯಿತು. ಸಾಹೇಬರ ಕುರ್ಚಿಯ ಹಿಂದೆ ಇನ್ನೊಂದು ಗೌರವ ಫಲಕ ಬಂತು.

ಅದಾದ ಮೇಲೆ ಕೆಳಗಿನ ಬೀದಿಯವರು ಕಚೇರಿಗೆ ಬಂದರು. ಮೇಲಿನವರಿಗೆ ಇಷ್ಟು ದಿನ ನೀರು ಕೊಟ್ಟವರು ಇವರೇ. ಇವರ ಸೌರ ಪಂಪು ಚೆನ್ನಾಗಿತ್ತು. ನಲ್ಲಿಯಲ್ಲಿ ದಿನವೂ ನೀರು ಬರುತ್ತಿತ್ತು. ನಿಯೋಗದ ಮುಂದಾಳು ಒಬ್ಬ ವಯಸ್ಸಾದ ದರ್ಜಿ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ನಮಗೂ ಮರ ಬೇಕು ತಾಯಿ," ಎಂದರು ಪರಿಸರಮ್ಮನಿಗೆ. "ಫಲಕದ ಮುಂದೇನೇ."

"ಯಾಕಣ್ಣ? ನಿಮ್ಮ ಪಂಪು ಓಡ್ತಿದೆಯಲ್ಲ?"

"ಇವತ್ತು ಓಡ್ತಿದೆ. ನಾಳೆ ನಿಂತ್ರೆ? ಪಂಪು ಕೆಟ್ರೆ ನಮ್ಮನ್ನ ಕೇಳೋರು ಯಾರು? ಮರ ಬಾಡಿದ್ರೆ ಸಾಹೇಬರೇ ಎದ್ದು ನಿಲ್ತಾರಂತೆ."

ಪರಿಸರಮ್ಮ ಇದರಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ. ಸಾಹೇಬರು ಸಂತೋಷದಿಂದ ಒಪ್ಪಿದರು. ಸಸಿಗಳು ಬಂದವು. ಕೆಳಗಿನ ಬೀದಿಯವರು ಮನೆಮಂದಿಯ ಸಮೇತ ಬಂದು ಫಲಕಗಳ ಮುಂದೆ ಗುಂಡಿ ತೋಡಿ ನೆಟ್ಟರು. ಗುಮಾಸ್ತರು ಕ್ಯಾಮೆರಾ ಎತ್ತಿ, ಎಲ್ಲರೂ ಬಗ್ಗಿ, ಸಸಿ ಕಾಣಲಿ ಎಂದರು. ಎಲ್ಲರೂ ಬಗ್ಗಿದರು.

"ಇದು ಬೆಳೆದು ಪೂರ್ತಿ ನೆರಳು ಬೀಳೋಕೆ ಎಷ್ಟು ಕಾಲ ಬೇಕು ತಾಯಿ?" ಎಂದು ದರ್ಜಿ ಬಗ್ಗಿಕೊಂಡೇ ಕೇಳಿದರು.

"ಕೆಲವು ವರ್ಷ ಆಗುತ್ತೆ ಅಣ್ಣ."

"ಅಲ್ಲೀವರೆಗೆ?"

"ಅಲ್ಲೀವರೆಗೆ ನಲ್ಲಿ ನೀರೇ."

ದರ್ಜಿ ಬೀದಿಯವರ ಮುಖ ನೋಡಿದರು. ಬೀದಿಯವರು ದರ್ಜಿಯ ಮುಖ ನೋಡಿದರು.

"ಆಗ್ಲಿ ಬಿಡಿ," ಎಂದರು ದರ್ಜಿ. "ಹೇಗೋ ಸುಧಾರಿಸ್ಕೊಂಡು ಹೋಗ್ತೀವಿ."